ಚಪ್ಪಲಿಗೆ ಇಟ್ಟ ಹೆಸರು

“ದೇವರ ಹೆಸರನ್ನ ಚಪ್ಪಲಿ ಮೇಲೆ ಹಾಕ್ತೀಯೇನೋ, ಹಲ್ಕಟ್ ನನ್ಮಗನೇ? ಧರ್ಮಕ್ಕೆ ಧಕ್ಕೆ ಅಂತ ಬ್ರ್ಯಾಂಡ್ ನೋಂದಣಿಯವರು ಅರ್ಜೀನ ಮುಖದ ಮೇಲೆ ಬಿಸಾಡ್ತಾರೆ!”

ದೇಶದ ರಾಜಧಾನಿಯ ಚಾಣಕ್ಯಪುರಿಯ ಅತಿಥಿಗೃಹದ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಅಧಿಕಾರಿ ನಾರಾಯಣಸ್ವಾಮಿ ಸಾಹೇಬರು ಕೂಗಾಡುತ್ತಿದ್ದರು. ಏಕನಾಥ ಮೆಟ್ಟಿಲ ಕೆಳಗೆ, ಜೂನ್ ಬಿಸಿಲಿನಲ್ಲಿ ಬರಿಗಾಲಲ್ಲಿ ನಿಂತಿದ್ದ. ಚಪ್ಪಲಿ ಹೊಲಿಯುವವನು ದೊಡ್ಡವರೆದುರು ಅದನ್ನು ಮೆಟ್ಟುವ ರೂಢಿ ಅಥಣಿ ಕಡೆಯ ಅವನ ಊರಿನಲ್ಲಿಯೂ ಇರಲಿಲ್ಲ.

“ದ್ಯಾವರ ಹೆಸರಲ್ರೀ ಸಾಹೇಬ್ರ. ನನ್ನ ಹೇಣ್ತಿ ಹೆಸರು.”

“ಸತ್ತವಳ ಹೆಸರು ಯಾರಿಗೆ ಬೇಕೋ? ‘ಮಹಾರಾಜಾ’ ಅಂತ ಇಡು. ನಮ್ಮ ವಕೀಲರಿಗೆ ಹೇಳ್ತೀನಿ, ಚಲೋ, ಕೆಲಸ ಆಗುತ್ತೆ.”

ನೋಯ್ಡಾದ ಅಂಗಡಿಯವರು ಇಷ್ಟು ವರ್ಷ ಅವನ ಚಪ್ಪಲಿಗೆ ತಮ್ಮ ಮೊಹರು ಒತ್ತಿ ಮಾರಿದ್ದರು. ಅಡಿಯ ಅಟ್ಟೆ ಕೊಯ್ಯುವವನು ಅವನು, ಪಟ್ಟಿಯ ಜಡೆ ಹೆಣೆಯುವವಳು ಅವನ ಹೆಂಡತಿ ದೇವಕಿ. ಹೆಸರು ಮಾತ್ರ ಮುಖ ಕಾಣದ ಯಾವನದೋ. ಒಂದು ಜೋಡಿಯ ಮೇಲಾದರೂ ತಮ್ಮ ಹೆಸರಿರಲಿ ಎಂದು ಹಂಬಲಿಸುತ್ತಲೇ ಅವಳು ಹೋದ ಚಳಿಗಾಲದಲ್ಲಿ ಕೆಮ್ಮಿ ಕೆಮ್ಮಿ ಸತ್ತಳು. ನಿನ್ನ ಹೆಸರಲ್ಲೇ ಮಾರಬೇಕಾದರೆ ಮೊದಲು ನೋಂದಣಿ ಮಾಡಿಸು ಎಂದಿದ್ದರು ಅಂಗಡಿಯವರು. ಮಾಡಿಸಿಕೊಡುತ್ತೇನೆ ಎಂದಿದ್ದವರು ಸಾಹೇಬರು. ಆ ಒಂದು ಮಾತಿಗೆ ಏಕನಾಥ, ದೇವಕಿ ಹೆಣೆದಿಟ್ಟಿದ್ದ ಕೊನೆಯ ಜಡೆ ಹಾಕಿ ಜೋಡಿ ಹೊಲಿದು ಅವರಿಗೆ ಕೊಟ್ಟಿದ್ದ. ಈಗ ಅದೇ ಅವರ ಕಾಲಲ್ಲಿತ್ತು.

ಕೇರಿಯ ಹುಡುಗಿಗೆ ಇಷ್ಟು ಚೆಂದದ ಹೆಸರೇಕೆಂದು ಊರ ಗೌಡರ ಮನೆಯವರು ಅವಳನ್ನು ಕಡೆತನಕ ‘ದ್ಯಾವಿ’ ಎಂದೇ ಕರೆದರು. ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದವನು ಏಕನಾಥನೊಬ್ಬನೇ. ಈಗ ಯಾರನ್ನು ನೋಡಿ ಕರೆಯಬೇಕು? ನೋಯ್ಡಾದ ಅವನ ಕೋಣೆಯಲ್ಲಿ ಕನ್ನಡ ಆಡಲು ಇನ್ನೊಂದು ಜೀವವಿರಲಿಲ್ಲ. ಬೈಗುಳವಾದರೂ ಸರಿ, ಕನ್ನಡ ಕಿವಿಗೆ ಬೀಳುತ್ತದಲ್ಲ ಎಂದು ಸಾಹೇಬರಲ್ಲಿಗೆ ಎಡತಾಕುವಷ್ಟು ಅವನು ಒಂಟಿಯಾಗಿದ್ದ.

“ಮಹಾರಾಜನ ಹೆಸರ ಮೆಟ್ಟಿನ ಮ್ಯಾಲಿದ್ರ ಯಾರಿಗೂ ಸಿಟ್ಟ ಬರಂಗಿಲ್ಲೇನ್ರೀ? ಆಕಿ ಹೆಸರ ಕಾಲ ಕೆಳಗ ಒತ್ತಂಗಿಲ್ರೀ. ಬಾಜೂಕ ಚಾಚಿದ ಚಪ್ಪಲಿ ಕಿವಿ ಮ್ಯಾಲ ಹಾಕ್ತೀನಿ.”

“ಎಲ್ಲಿ ಹಾಕಿದ್ರೂ ಅಷ್ಟೇ. ನಮ್ಮಮ್ಮನ ಹೆಸರೂ ದೇವಕೀನೇ ಕಣೋ!”

ಏಕನಾಥ ತಲೆ ಎತ್ತಿದ. “ನಿಮ್ಮವ್ವಗ ಆ ಹೆಸರ ಇಟ್ಟಾಗ ದ್ಯಾವರಿಗಿ ಸಿಟ್ಟ ಬರ್ಲಿಲ್ಲೇನ್ರೀ?”

“ಬಾಯ್ ಮುಚ್ಚೋ ಸೂಳೇಮಗನೇ! ಸಮಗಾರನ ಹೆಂಡ್ತಿ, ನಮ್ಮಮ್ಮ ಒಂದೇನಾ?”

ಏಕನಾಥ ಮೆಟ್ಟಿಲೇರಿ ಅವರ ಪಾದದ ಬಳಿ ಕುಕ್ಕರಗಾಲಲ್ಲಿ ಕೂತ. ತಪ್ಪೊಪ್ಪಿಕೊಳ್ಳಲು ಬಂದನೆಂದುಕೊಂಡು ಸಾಹೇಬರು, “ಅಚ್ಛಾ ಅಚ್ಛಾ, ಏಳು” ಎಂದರು. ಅವನು ಒಂದು ಕಾಲಿನ ಚಪ್ಪಲಿ ಕಳಚಿದ. ಅವರಿಗೆ ಅರ್ಥವಾಗುವಷ್ಟರಲ್ಲಿ ಇನ್ನೊಂದನ್ನೂ ಎಳೆದುಕೊಂಡ.

“ಹೆಸರ ಬ್ಯಾಡಾದ್ರ ಆಕಿ ಹೆಣೆದ ಜಡೀನೂ ಬ್ಯಾಡ್ರೀ.”

“ಹಿಡೀರೋ ಅವನ್ನ!” ಎಂದು ಅಂಗಳಕ್ಕಿಳಿದ ಸಾಹೇಬರು ಕಾದ ಕಲ್ಲಿನ ಮೇಲೆ ಎರಡು ಹೆಜ್ಜೆ ಇಟ್ಟು, ಕುಣಿದು, ನೆರಳಿಗೆ ಓಡಿದರು. ಗೇಟಿನವನು ನಗು ತಡೆಯಲು ಮುಖ ತಿರುಗಿಸಿಕೊಂಡ. ಏಕನಾಥ ನಡೆದುಬಿಟ್ಟ.

ಮೆಟ್ರೋ ಕಂಬಗಳು ಇನ್ನೂ ಏಳುತ್ತಿದ್ದ ರಸ್ತೆಯಲ್ಲಿ ಬಸ್ಸು ತೆವಳುತ್ತಾ ನೋಯ್ಡಾ ಸೇರಿತು. ದಾರಿಯುದ್ದಕ್ಕೂ ಅವನು ಜೋಡಿಯನ್ನು ಅಂಗಿಯೊಳಗೆ ಇಟ್ಟುಕೊಂಡಿದ್ದ. ಕೋಣೆಗೆ ಬಂದವನೇ ಕಬ್ಬಿಣದ ಕಡ್ಡಿ ಕಾಯಿಸಿ ಎರಡೂ ಚಪ್ಪಲಿಯ ಕಿವಿಗಳ ಮೇಲೆ ‘ದೇವಕಿ’ ಎಂದು ಸುಟ್ಟು ಬರೆದ. ಗಟ್ಟಿಯಾಗಿ ಓದಿದ. ಓಗೊಡುವವರು ಯಾರು? ಕೂತು ಅತ್ತ.

ಮರುದಿನ ಆ ಜೋಡಿಯನ್ನು ತಾನೇ ಮೆಟ್ಟಿದ. ಸಾಹೇಬರ ಅಳತೆಯದು, ಹಿಮ್ಮಡಿಯ ಹಿಂದೆ ಜಾಗ ಉಳಿಯಿತು. ವಕೀಲರಿಲ್ಲ, ವಶೀಲಿ ಇಲ್ಲ. ಒಬ್ಬನೇ ಹೋಗಿ ನೋಂದಣಿ ಕಚೇರಿಯ ಸಾಲಿನಲ್ಲಿ ನಿಂತ. ಸರದಿ ಬಂದಾಗ ಗುಮಾಸ್ತ ತಲೆ ಎತ್ತದೆ ಕೇಳಿದ:

“ಬ್ರ್ಯಾಂಡ್ ಕಾ ನಾಮ್?”

“ದೇವಕಿ.”

“ಬಹುತ್ ಅಚ್ಛಾ ನಾಮ್. ಅಗರ್‌ಬತ್ತಿ ಹೈ ಕ್ಯಾ?”

“ಚಪ್ಪಲ್.”

ಗುಮಾಸ್ತನ ಪೆನ್ನು ನಿಂತಿತು. ಅವನು ತಲೆ ಎತ್ತಿ ನೋಡಿದ, ಆಮೇಲೆ ಕೌಂಟರಿನ ಮೇಲಿಂದ ಬಗ್ಗಿ ಇವನ ಕಾಲು ನೋಡಿದ. ಸಾಲಿನಲ್ಲಿದ್ದವರೂ ನೋಡತೊಡಗಿದರು. ಏಕನಾಥ ಕಾಲು ಹಿಂದೆ ತೆಗೆಯಲಿಲ್ಲ.