ಕಡೂರಿನ ನಾಲ್ಕು ಮಿಲಿಸೆಕೆಂಡು

1983ರ ಅಕ್ಟೋಬರ್ ಹನ್ನೆರಡು, ಬುಧವಾರ. ದಸರಾ ಸಮಯ. ಸಂಜೆ ನಾಲ್ಕರ ರೀಡಿಂಗ್ ತೆಗೆಯಲು ಕೂತ ಪಂಕಜಾಕ್ಷಿ ಪರದೆಯ ಮೇಲಿನ ಹಸಿರು ಗೆರೆಯನ್ನು ನೋಡಿ, ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದಳು. ಗೆರೆ ಇರಬೇಕಾದ ಕಡೆ ಇರಲಿಲ್ಲ. ಬಲಕ್ಕೆ ಸರಿದಿತ್ತು.

ಕಡೂರಿನಿಂದ ಬೀರೂರಿಗೆ ಹೋಗುವ ರಸ್ತೆಯಲ್ಲಿ ಕೊಬ್ಬರಿ ಮಂಡಿಗಳನ್ನು ದಾಟಿದ ಮೇಲೆ ಸಿಗುವ ಎರಡು ಕೋಣೆಯ ಹೆಂಚಿನ ಮನೆ ಅದು. ಬೆಂಗಳೂರಿನ ಪ್ರಯೋಗಾಲಯವೊಂದು ಐದು ವರ್ಷದ ಹಿಂದೆ ಅದನ್ನು ಬಾಡಿಗೆಗೆ ಹಿಡಿದು, ಒಳಗೆ ಒಂದು ಕ್ವಾರ್ಟ್ಜ್ ಗಡಿಯಾರ, ಒಂದು ಶಾರ್ಟ್‌ವೇವ್ ರೇಡಿಯೋ, ಟಿಕ್ಕನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಒಂದು ಆಸಿಲೋಸ್ಕೋಪ್ ಇಟ್ಟಿತ್ತು. ಬೆಂಗಳೂರಿನ ದೊಡ್ಡ ಗಡಿಯಾರ ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ ರೇಡಿಯೋ ಮೂಲಕ ಸೆಕೆಂಡಿಗೊಂದರಂತೆ ಟಿಕ್ ಕಳಿಸುತ್ತಿತ್ತು. ಆ ಟಿಕ್ ಕಡೂರಿನ ಗಡಿಯಾರಕ್ಕಿಂತ ಎಷ್ಟು ಮುಂಚೆ ಅಥವಾ ಎಷ್ಟು ತಡವಾಗಿ ಬಂತು ಎಂದು ಅಳೆದು ಪುಸ್ತಕದಲ್ಲಿ ಬರೆಯುವುದು ಪಂಕಜಾಕ್ಷಿಯ ಕೆಲಸ. ಊರಿನವರು ಅದನ್ನು ಗಂಟೆ ಆಫೀಸು ಎನ್ನುತ್ತಿದ್ದರು.

ಅವಳು ಅಜ್ಜಂಪುರದ ಕೊಬ್ಬರಿ ವ್ಯಾಪಾರಿ ಸೋಮಶೇಖರಪ್ಪನ ಮಗಳು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಮನೆಗೆ ಬಂದು ಕೂತಿದ್ದವಳನ್ನು ಈ ಕೆಲಸಕ್ಕೆ ಕರೆತಂದವರು ಪ್ರಯೋಗಾಲಯದ ಕಾಲಮಾಪನ ವಿಭಾಗದ ಮುಖ್ಯಸ್ಥ ಓಂಕಾರಮೂರ್ತಿ. ಅವರು ತರೀಕೆರೆಯವರು. ಆಸಿಲೋಸ್ಕೋಪ್ ಬಳಸುವುದನ್ನು ಅವಳಿಗೆ ಕಲಿಸಿದವರೂ ಅವರೇ.

ಸರಿದ ಗೆರೆಯನ್ನು ಅವಳು ಅಳೆದಳು. ನಾಲ್ಕು ಮಿಲಿಸೆಕೆಂಡು. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲು. ಜನರ ಪಾಲಿಗೆ ಅದು ಏನೂ ಅಲ್ಲ. ಆದರೆ ಐದು ವರ್ಷದಲ್ಲಿ ಒಂದು ಮಿಲಿಸೆಕೆಂಡು ಕೂಡ ಅಲ್ಲಾಡದಿದ್ದ ಗೆರೆ ಅದು.

"ಲಕ್ಕಣ್ಣ, ಬ್ಯಾಟರಿ ನೋಡಿ ಬನ್ನಿ" ಎಂದಳು. ಕರೆಂಟು ಹೋದಾಗ ಕಡೂರಿನ ಗಡಿಯಾರ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಅದು ಕೈಕೊಟ್ಟಿದ್ದರೆ ತಪ್ಪು ತನ್ನ ಗಡಿಯಾರದ್ದೇ ಆಗಿರಬಹುದು ಎಂಬುದು ಅವಳ ಅನುಮಾನ.

ಬ್ಯಾಟರಿಗಳನ್ನು ನೋಡಿಕೊಳ್ಳುತ್ತಿದ್ದ ಲಕ್ಕಣ್ಣ ಬುಕ್ಕಾಂಬುಧಿಯವನು, ಐವತ್ತರ ಆಸುಪಾಸಿನ ದಿನಗೂಲಿ ನೌಕರ. ಹೋಗಿ ನೋಡಿ ಬಂದು, "ಸರಿಯಾಗೈತೆ ಅಮ್ಮಾರೆ. ಬೆಳಿಗ್ಗೆ ನೋಡಿದ್ದಷ್ಟೇ ಐತೆ" ಎಂದ.

ಪಂಕಜಾಕ್ಷಿ ರೇಡಿಯೋ ತಿರುಗಿಸಿ ಹೊರದೇಶದ ಎರಡು ಕೇಂದ್ರಗಳ ಟಿಕ್ ಹಿಡಿದಳು. ಎರಡೂ ಎಂದಿನ ಜಾಗದಲ್ಲೇ ಇದ್ದವು. ಅಂದರೆ ಕಡೂರಿನ ಗಡಿಯಾರ ಸರಿಯಾಗಿತ್ತು, ತಪ್ಪಿದ್ದು ಬೆಂಗಳೂರಿನದು. ಅವಳು ಹಾಗೆಯೇ ಬರೆದು ಸಹಿ ಹಾಕಿದಳು. ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡಿದರೆ, ಸಾಹೇಬರು ಇಲ್ಲ ಎಂದರು. ಗುರುವಾರವೂ ಶುಕ್ರವಾರವೂ ಗೆರೆ ಅಲ್ಲೇ ಇತ್ತು. ಶನಿವಾರ ಬೆಳಿಗ್ಗೆ ಯಾರ ವಿವರಣೆಯೂ ಇಲ್ಲದೆ ಹಳೆಯ ಜಾಗಕ್ಕೆ ಬಂದು ಕೂತಿತ್ತು.

ಡಿಸೆಂಬರಿನಲ್ಲಿ ಓಂಕಾರಮೂರ್ತಿ ಜೀಪಿನಲ್ಲಿ ಬಂದರು. ಲಕ್ಕಣ್ಣನನ್ನು ಕಾಫಿ ತರಲು ಕಳಿಸಿ, ಪುಸ್ತಕ ತೆರೆದು ಆ ಪುಟದ ಮೇಲೆ ಬೆರಳಿಟ್ಟರು.

"ಇಲ್ಲಿ ಕಡೂರಿನ ಬ್ಯಾಟರಿ ಕೈಕೊಟ್ಟಿತ್ತು ಅಂತ ಬರಿ."

"ಕೈಕೊಟ್ಟಿರಲಿಲ್ಲವಲ್ಲ ಸರ್."

"ಗೊತ್ತು ಕಣಮ್ಮ. ಕೈಕೊಟ್ಟಿದ್ದು ನಮ್ಮದು. ಕರೆಂಟು ಹೋಗಿ ಬ್ಯಾಟರಿಗೆ ಬದಲಾಗೋವಾಗ ಗಡಿಯಾರ ತಪ್ಪಿಬಿಡ್ತು. ದಸರಾ ರಜೆ, ನೋಡೋರು ಯಾರೂ ಇರಲಿಲ್ಲ. ಗೊತ್ತಾದ ತಕ್ಷಣ ಸರಿ ಮಾಡಿಸಿದೀನಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಫೆಬ್ರವರಿಗೆ ದೇಶದ ಕಾಲಮಾಪನದೋರ ಸಮ್ಮೇಳನ ನಮ್ಮ ತರೀಕೆರೆಗೇ ಬರ್ತಿದೆ. ಐದು ವರ್ಷ ಒಂದು ದಿನವೂ ತಪ್ಪದ ಗಡಿಯಾರ ಅಂತ ನಾನು ಪ್ರಬಂಧ ಓದಬೇಕು. ಅದರ ಮೇಲೆ ಈ ಕೇಂದ್ರ ಉಳಿಯುತ್ತೆ, ನಿನ್ನ ಬಡ್ತಿ ಆಗುತ್ತೆ. ನಾನೂ ರಿಟೈರ್ ಆಗೋದ್ರೊಳಗೆ ನಿರ್ದೇಶಕ ಆಗಬಹುದು."

"ತಪ್ಪಿತು, ಸರಿ ಮಾಡಿದ್ವಿ ಅಂತಲೇ ಓದಬಹುದಲ್ಲ ಸರ್."

"ನಿನಗೆ ಕೆಲಸ ಕೊಡಿಸಿದ್ದು ಯಾರು ಪಂಕಜಾ?"

"ನೀವೇ ಸರ್. ಕಂಡದ್ದನ್ನ ಮಾತ್ರ ಬರಿ ಅಂತ ಮೊದಲನೇ ದಿನ ಹೇಳಿದ್ದೂ ನೀವೇ."

ಓಂಕಾರಮೂರ್ತಿ ಪುಸ್ತಕ ಮುಚ್ಚಿದರು. ಲಕ್ಕಣ್ಣ ತಂದ ಕಾಫಿಯನ್ನು ಮುಟ್ಟದೆ ಜೀಪು ಹತ್ತಿದರು.

ಆ ವಾರ ಅಜ್ಜಂಪುರದ ಮನೆಯಲ್ಲಿ ಊಟಕ್ಕೆ ಬಡಿಸುತ್ತಾ ತಾಯಿ ಗುರುಶಾಂತಮ್ಮ ವಿಷಯ ತೆಗೆದರು. ಓಂಕಾರಮೂರ್ತಿ ನೆಂಟರ ಕಡೆಯಿಂದ ಹೇಳಿಕಳಿಸಿದ್ದರು.

"ಒಂದು ಸಾಲು ತಾನೇ ಕಣೇ. ಬರೆದುಕೊಟ್ಟು ಸುಮ್ಮನಾಗಬಾರದಾ? ಅಷ್ಟು ಹೊತ್ತಿನಲ್ಲಿ ಕಣ್ಣು ರೆಪ್ಪೆ ಕೂಡ ಬಡಿಯಲ್ಲ ಅಂತೀಯ."

"ಬಡಿಯಲ್ಲ ಕಣಮ್ಮ. ಆದರೆ ನನ್ನ ಗಡಿಯಾರ ಕೆಟ್ಟಿತ್ತು ಅಂತ ನಾನೇ ಸಹಿ ಹಾಕಬೇಕು. ನಾಳೆಯಿಂದ ನಾನು ಬರೆದ ಯಾವ ಸಾಲನ್ನ ಯಾರು ನಂಬ್ತಾರೆ? ನಾನೇ ನಂಬಲ್ಲ."

ಗುರುಶಾಂತಮ್ಮ ಇನ್ನೊಂದು ಸೌಟು ಸಾರು ಹಾಕಿದರು. "ನಿಮ್ಮಪ್ಪನ ಹಠ" ಎಂದರು. ಆ ಮಾತು ಮತ್ತೆ ಆ ಮನೆಯಲ್ಲಿ ಬರಲಿಲ್ಲ.

ಫೆಬ್ರವರಿಯಲ್ಲಿ ತರೀಕೆರೆಯ ಕಲ್ಯಾಣ ಮಂಟಪವೊಂದರಲ್ಲಿ ಸಮ್ಮೇಳನ ನಡೆಯಿತು. ದೆಹಲಿ, ಪುಣೆ, ಹೈದರಾಬಾದು, ಕಲ್ಕತ್ತೆಗಳಿಂದ ನಲವತ್ತು ಚಿಲ್ಲರೆ ಜನ ಬಂದಿದ್ದರು. ವಧೂವರರು ಕೂರುವ ವೇದಿಕೆಯ ಮೇಲೆ ಬಿಳಿ ಪರದೆ ಕಟ್ಟಿದ್ದರು. ಪಂಕಜಾಕ್ಷಿಗೆ ಒಪ್ಪಿಸಿದ್ದು ಬಂದವರ ಎದೆಗೆ ಹೆಸರಿನ ಚೀಟಿ ಚುಚ್ಚುವ ಕೆಲಸ. ಚುಚ್ಚಿದಳು. ಬೆಳಿಗ್ಗೆ ಓಂಕಾರಮೂರ್ತಿ ಪ್ರಬಂಧ ಓದಿದರು. ಪರದೆಯ ಮೇಲೆ ಐದು ವರ್ಷದ ಗೆರೆ ಹಗ್ಗ ಎಳೆದು ಕಟ್ಟಿದಂತೆ ನೇರವಾಗಿತ್ತು. ಅಕ್ಟೋಬರಿನ ಕಡೆ ಒಂದು ಸಣ್ಣ ಚುಕ್ಕಿ ಹಾಕಿ, ಕಡೂರಿನ ಬ್ಯಾಟರಿ ದೋಷ ಎಂದರು. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ನಿಂತಿದ್ದ ಪಂಕಜಾಕ್ಷಿಗೆ ಕಿವಿ ಬಿಸಿಯಾಯಿತು. ಅವಳು ಸಹಿ ಹಾಕದಿದ್ದರೂ ಮಾತು ಆಗಿಹೋಗಿತ್ತು.

ಮಧ್ಯಾಹ್ನ ಊಟವಾದ ಮೇಲೆ, ಕಾಲ ಅಳೆಯುವ ವಿದ್ಯೆಯಲ್ಲಿ ಇರುವ ಉದ್ಯೋಗಗಳ ಬಗ್ಗೆ ಕಾಲೇಜು ವಿದ್ಯಾರ್ಥಿಗಳಿಗೊಂದು ಕಾರ್ಯಕ್ರಮವಿತ್ತು. ಅರವತ್ತು ಜನ ಬಂದಿದ್ದರು. ಮುಂದಿನ ಎರಡು ಸಾಲು ಹುಡುಗಿಯರೇ. ಓಂಕಾರಮೂರ್ತಿ ಮೈಕಿನಲ್ಲಿ, "ನಿಮ್ಮ ಪಕ್ಕದ ಅಜ್ಜಂಪುರದ ಹೆಣ್ಣುಮಗಳು ಈ ಕೆಲಸದಲ್ಲಿದ್ದಾಳೆ. ಎರಡು ಮಾತು ಹೇಳಲಿ" ಎಂದು ಕರೆದರು. ಅವಳು ಮಣಿಯುತ್ತಾಳೆ ಎಂದು ಅವರು ನಂಬಿದ್ದರೋ, ಅಥವಾ ಕರೆಯದಿದ್ದರೆ ಜನ ಏನೆಂದುಕೊಳ್ಳುತ್ತಾರೋ ಎಂಬ ಅಳುಕೋ, ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಪಂಕಜಾಕ್ಷಿ ವೇದಿಕೆ ಹತ್ತಿ ಕನ್ನಡದಲ್ಲೇ ಮಾತಾಡಿದಳು.

"ಈ ಕೆಲಸಕ್ಕೆ ದೊಡ್ಡ ಬುದ್ಧಿ ಬೇಕಿಲ್ಲ. ದಿನಾ ಅದೇ ಹೊತ್ತಿಗೆ ಬಂದು ಕೂರಬೇಕು, ಕಂಡದ್ದನ್ನ ಬರೀಬೇಕು. ಕಷ್ಟ ಬರೋದು ಎಲ್ಲಿ ಅಂದರೆ, ನೀವು ಕಂಡದ್ದು ನಿಮಗಿಂತ ದೊಡ್ಡವರಿಗೆ ಬೇಡವಾದಾಗ. ಇವತ್ತು ಬೆಳಿಗ್ಗೆ ಇದೇ ಪರದೆ ಮೇಲೆ ಕಡೂರಿನ ಬ್ಯಾಟರಿ ಕೆಟ್ಟಿತ್ತು ಅಂತ ತೋರಿಸಿದರು. ಕೆಟ್ಟಿರಲಿಲ್ಲ. ಅಕ್ಟೋಬರ್ ಹನ್ನೆರಡನೇ ತಾರೀಕಿನಿಂದ ಮೂರು ದಿನ ಬೆಂಗಳೂರಿನ ಗಡಿಯಾರ ನಾಲ್ಕು ಮಿಲಿಸೆಕೆಂಡು ತಪ್ಪಿತ್ತು. ಅದನ್ನ ಬರೆದವಳು ನಾನು. ತಿದ್ದು ಅಂದರು, ತಿದ್ದಿಲ್ಲ. ಈ ಉದ್ಯೋಗಕ್ಕೆ ಬರೋರು ಇದನ್ನ ತಿಳಿದುಕೊಂಡು ಬನ್ನಿ."

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕನ್ನಡ ಬಾರದ ಅತಿಥಿಗಳು ನಗುಮುಖದಲ್ಲೇ ಕೂತಿದ್ದರು. ಅಧ್ಯಕ್ಷತೆ ವಹಿಸಿದ್ದ ಪುಣೆಯ ಹಿರಿಯ ವಿಜ್ಞಾನಿ, ಆಕೆ ಏನು ಹೇಳಿದರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಓಂಕಾರಮೂರ್ತಿ, ವಿದ್ಯಾರ್ಥಿಗಳಿಗೆ ಬುದ್ಧಿಮಾತು ಹೇಳಿದಳು ಎಂದರು.

ಅಷ್ಟಕ್ಕೆ ಇಳಿದುಬಿಡಬಹುದಿತ್ತು. ಕಾಲು ಮೆಟ್ಟಿಲ ಮೇಲಿತ್ತು. ಪಂಕಜಾಕ್ಷಿ ಹಿಂದಿರುಗಿ ಮೈಕು ಹಿಡಿದು, ಅದನ್ನೇ ಮೊದಲಿನಿಂದ ಇಂಗ್ಲಿಷಿನಲ್ಲಿ ಹೇಳಿದಳು. ಇಂಗ್ಲಿಷು ಅಲ್ಲಲ್ಲಿ ತಡವರಿಸಿತು. ತಾರೀಕು ಮತ್ತು ಅಂಕಿ ತಡವರಿಸಲಿಲ್ಲ. "ನಾಳೆ ನಮ್ಮ ಕೇಂದ್ರ ನೋಡಲು ನೀವೆಲ್ಲ ಕಡೂರಿಗೆ ಬರುತ್ತೀರಿ. ಪುಸ್ತಕ ಅಲ್ಲಿದೆ" ಎಂದು ಮುಗಿಸಿದಳು. ಓಂಕಾರಮೂರ್ತಿ ತಮ್ಮ ಮುಂದಿದ್ದ ನೀರಿನ ಲೋಟವನ್ನೇ ನೋಡುತ್ತಾ ಕೂತಿದ್ದರು.

ಮರುದಿನ ಎಲ್ಲರೂ ಬಸ್ಸಿನಲ್ಲಿ ಕಡೂರಿಗೆ ಬಂದರು. ಎರಡು ಕೋಣೆಯಲ್ಲಿ ಅಷ್ಟು ಜನ ಹಿಡಿಸದೆ ಅರ್ಧ ಜನ ಅಂಗಳದಲ್ಲಿ ನಿಂತರು. ಪುಣೆಯವರು ಪುಸ್ತಕ ಓದಿದರು. ಹೊರದೇಶದ ಕೇಂದ್ರಗಳ ಅಂಕಿಗಳನ್ನೂ ನೋಡಿದರು. ಹೈದರಾಬಾದಿನ ಒಬ್ಬರು, ಬ್ಯಾಟರಿ ಕೆಟ್ಟಿರಲಿಲ್ಲ ಎಂಬುದಕ್ಕೆ ಏನು ಆಧಾರ ಎಂದರು.

ಪಂಕಜಾಕ್ಷಿ ಬಾಯಿ ತೆರೆಯುವ ಮೊದಲೇ ಲಕ್ಕಣ್ಣ ಒಳಗೆ ಹೋಗಿ, ಆಸಿಡ್ ಬಿದ್ದು ಅಂಚು ಸುಟ್ಟ ನೋಟ್‌ಬುಕ್ಕೊಂದನ್ನು ತಂದ. ಪ್ರತಿ ಬೆಳಿಗ್ಗೆ, ಪ್ರತಿ ಸಂಜೆ ಒಂದೊಂದು ಬ್ಯಾಟರಿಯನ್ನು ಪರೀಕ್ಷಿಸಿ ಬರೆದ ಅಂಕಿ ಅದರಲ್ಲಿತ್ತು. ಒಂದು ದಿನವೂ ಬಿಟ್ಟಿರಲಿಲ್ಲ.

"ಕೆಟ್ಟಿತ್ತು ಅಂತ ಹೇಳಿದ್ರೆ ಕೆಲಸ ಕಾಯಂ ಮಾಡ್ತೀವಿ ಅಂದಿದ್ರು ಸ್ವಾಮಿ" ಎಂದ ಲಕ್ಕಣ್ಣ, ಯಾರ ಕಡೆಯೂ ನೋಡದೆ. "ನಾನು ನೋಡ್ಕಂಡಿರೋ ಬ್ಯಾಟ್ರಿ. ಅದನ್ನ ಹೆಂಗೆ ಕೆಟ್ಟಿತ್ತು ಅನ್ನಾನ?"

ಪಂಕಜಾಕ್ಷಿ ಅದನ್ನು ಒಂದೂ ಮಾತು ಬಿಡದೆ ಇಂಗ್ಲಿಷಿಗೆ ಮಾಡಿ ಹೇಳಿದಳು. ಅವನನ್ನೂ ಸುಳ್ಳು ಹೇಳಲು ಕೇಳಿದ್ದರು ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ.

ಸಮ್ಮೇಳನದ ಸಂಪುಟದಲ್ಲಿ ಓಂಕಾರಮೂರ್ತಿಯವರ ಪ್ರಬಂಧ ಬರಲಿಲ್ಲ. ಆದರೆ ಜೂನಿನಲ್ಲಿ ಪಂಕಜಾಕ್ಷಿಗೆ ವರ್ಗಾವಣೆ ಬಂತು: ಬೆಂಗಳೂರಿನ ಉಗ್ರಾಣ ವಿಭಾಗಕ್ಕೆ. ಕಾರಣ ಬರೆದಿರಲಿಲ್ಲ. ಲಕ್ಕಣ್ಣನನ್ನು ಕೆಲಸದಿಂದ ಬಿಡಿಸಿದರು. ಅವಳು ಹೋಗಿ ಸೇರಿಕೊಂಡಳು. ತಿರುಪು, ತಂತಿ, ಬಲ್ಬುಗಳ ನಡುವೆ ಕೂತು ವಾರಕ್ಕೊಂದು ಅರ್ಜಿ ಬರೆದಳು. ಪ್ರತಿ ಅರ್ಜಿಯಲ್ಲೂ ಎರಡೇ ಬೇಡಿಕೆ: ವರ್ಗಾವಣೆಗೆ ಕಾರಣ ಕೊಡಿ, ಲಕ್ಕಣ್ಣನನ್ನು ವಾಪಸು ತೆಗೆದುಕೊಳ್ಳಿ. ಮೇಲಧಿಕಾರಿ ಕರೆದು, "ಸುಮ್ಮನಿದ್ರೆ ವರ್ಷದಲ್ಲಿ ಎಲ್ಲ ಮರೀತಾರಮ್ಮ" ಎಂದಾಗ, "ಅದಕ್ಕೇ ಬರೀತಿದೀನಿ ಸರ್" ಎಂದಳು. ಪುಣೆಯವರೂ ಎರಡು ಪತ್ರ ಬರೆದರಂತೆ. ನಲವತ್ತೇಳನೆಯ ಅರ್ಜಿಯ ನಂತರ, 1985ರ ಮೇ ತಿಂಗಳಲ್ಲಿ, ಇಬ್ಬರಿಗೂ ಕಡೂರಿಗೆ ಆದೇಶ ಬಂತು. ಅವಳ ಬಡ್ತಿ ಬರಲಿಲ್ಲ.

ಆ ಮಳೆಗಾಲದಲ್ಲಿ ಒಂದು ಸಂಜೆ ಅಜ್ಜಂಪುರದ ರೈಲಿಗೆ ಬೀರೂರು ಜಂಕ್ಷನ್ನಿನಲ್ಲಿ ಕಾಯುತ್ತಿದ್ದಾಗ ಅವಳಿಗೆ ಓಂಕಾರಮೂರ್ತಿ ಸಿಕ್ಕರು. ರಿಟೈರ್ ಆಗಿದ್ದರು, ತರೀಕೆರೆಗೆ ಹೊರಟಿದ್ದರು. ಕೈಯಲ್ಲಿ ಛತ್ರಿ, ಬಟ್ಟೆಯ ಚೀಲ. ಅವರೇ ಹತ್ತಿರ ಬಂದು ಬೆಂಚಿನ ಮೇಲೆ ಕೂತರು.

"ನನ್ನ ಮೇಲೆ ಸಿಟ್ಟಿದೆಯಾ ಪಂಕಜಾ?"

"ಇದೆ ಸರ್. ಲಕ್ಕಣ್ಣನ ಅನ್ನ ಕಿತ್ತುಕೊಂಡರಲ್ಲ, ಅದಕ್ಕೆ."

ಅವರು ಛತ್ರಿಯನ್ನು ಬೆಂಚಿಗೆ ಒರಗಿಸಿದರು. "ವರ್ಗಾವಣೆ ನಾನು ಮಾಡಿಸಿದ್ದಲ್ಲ. ತಡೆಯಬಹುದಿತ್ತು. ತಡೀಲಿಲ್ಲ." ಆಮೇಲೆ, "ಅವತ್ತು ಕನ್ನಡದಲ್ಲಿ ಹೇಳಿದ ಮೇಲೆ ಯಾಕೆ ಇಳಿದು ಹೋಗಲಿಲ್ಲ?" ಎಂದರು.

"ಬುದ್ಧಿಮಾತು ಅಂದಿರಲ್ಲ ಸರ್. ನಾನು ಹೇಳಿದ್ದು ಅದಲ್ಲ."

ಓಂಕಾರಮೂರ್ತಿ ತಲೆಯಾಡಿಸಿದರು. ಕಾಫಿಯವನನ್ನು ಕರೆದು ಎರಡು ಲೋಟ ಹೇಳಿದರು. ಅವಳು ಬೇಡವೆನ್ನಲಿಲ್ಲ. ಕಾಫಿ ಮುಗಿಯುವ ಮೊದಲೇ ಅವರ ರೈಲು ಬಂತು. ಅರ್ಧ ಕುಡಿದ ಲೋಟವನ್ನು ಬೆಂಚಿನ ಮೇಲಿಟ್ಟು, ಛತ್ರಿ ಹಿಡಿದು ನಿಧಾನಕ್ಕೆ ಹತ್ತಿದರು. ಪಂಕಜಾಕ್ಷಿ ಎದ್ದು ನಿಂತಳು, ರೈಲು ಹೊರಟ ಮೇಲೆ ಕೂತಳು. ಅವಳ ರೈಲಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಚೀಲದಿಂದ ಕಾಗದ ತೆಗೆದು ನಲವತ್ತೆಂಟನೆಯ ಅರ್ಜಿ ಬರೆಯಲು ಶುರು ಮಾಡಿದಳು: ಲಕ್ಕಣ್ಣನನ್ನು ಕಾಯಂ ಮಾಡಬೇಕೆಂದು.