ಖಾಲಿ ಮೊರ

ಲಕ್ಷ್ಮಿಕಾಂತ ವಿಸಿಟಿಂಗ್ ಕಾರ್ಡಿನ ಮೂಲೆಯಿಂದ ಹಲ್ಲುಸಂದಿಯ ಸಮೋಸ ಕೆದಕಿ ತೆಗೆದು, ಅದೇ ಕಾರ್ಡನ್ನು ಜೇಬಿಗೆ ಹಾಕಿಕೊಂಡ. ಎದುರು ಕೂತಿದ್ದ ಕಾವೇರಿ ಅದನ್ನು ನೋಡಿದಳು. ಇನ್ನು ಸ್ವಲ್ಪ ಹೊತ್ತಿಗೆ ಗಿರಾಕಿ ಕಂಪನಿಯ ಉಮಾಶ್ರೀ ಬರುವವರಿದ್ದರು. ಆ ಕಾರ್ಡು ಅವರ ಕೈಗೇ ಹೋಗುತ್ತದೆ.

೨೦೦೬ರ ಬೇಸಿಗೆ. ಇಂದಿರಾನಗರದ ಆ ಆಫೀಸಿನಲ್ಲಿ ಲಕ್ಷ್ಮಿಕಾಂತ ಮ್ಯಾನೇಜರು. ಕಾವೇರಿ ಅವನ ಕೈಕೆಳಗೆ, ಬರೆದ ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ತಿದ್ದುವವಳು. ಪ್ರೋಗ್ರಾಂ ಓಡುವಾಗ ಹುಟ್ಟುವ ಆಬ್ಜೆಕ್ಟುಗಳಿಗೆಲ್ಲ, ಅಂದರೆ ಮಾಹಿತಿಯ ತುಣುಕುಗಳಿಗೆಲ್ಲ, ಮೆಮೊರಿಯಲ್ಲಿ ಜಾಗ ಬೇಕು. ಬಳಸಿ ಬಿಟ್ಟದ್ದನ್ನು ಆಮೇಲೆ ಹುಡುಕಿ ಗುಡಿಸಬೇಕು. ಒಂದು ಆಬ್ಜೆಕ್ಟು ತಾನು ಹುಟ್ಟಿದ ಫಂಕ್ಷನ್, ಅಂದರೆ ಪ್ರೋಗ್ರಾಮಿನ ಆ ತುಂಡು, ದಾಟಿ ಹೊರಗೆ ಹೋಗುವುದಿಲ್ಲವೆಂದು ಕಂಪೈಲರಿಗೆ ಮೊದಲೇ ತಿಳಿದರೆ ಗುಡಿಸುವ ತಾಪತ್ರಯವೇ ಇಲ್ಲ. ಫಂಕ್ಷನ್ ಮುಗಿದಾಗ ಅದೂ ಮುಗಿಯುತ್ತದೆ. ಹೊಲದ ಬದುವಿನಲ್ಲಿ ಮುತ್ತುಗದ ಎಲೆ ಹಾಕಿಕೊಂಡು ಉಂಡು, ಅಲ್ಲೇ ಬಿಟ್ಟು ಎದ್ದು ಬಂದ ಹಾಗೆ. ಇದನ್ನು ಕಾವೇರಿ ಎರಡು ವರ್ಷ ಕೂತು ಮಾಡಿದ್ದಳು. ನಿಜವಾದ ಪ್ರೋಗ್ರಾಮುಗಳು ನೂರಕ್ಕೆ ಎಂಟರಷ್ಟು ಬೇಗ ಮುಗಿಯುತ್ತಿದ್ದವು. ಅದು ಕಡಿಮೆಯೇನಲ್ಲ.

ಲಕ್ಷ್ಮಿಕಾಂತನ ಸ್ಲೈಡಿನಲ್ಲಿ ಮಾತ್ರ ಮೂವತ್ತು ಪಟ್ಟು ವೇಗ ಎಂದಿತ್ತು. ಕೆಳಗೆ ಕಾವೇರಿಯ ಹೆಸರು.

"ಸರ್, ಸ್ಪೀಡ್ ಅಳೆಯೋಕೆ ನೀವ್ ಮಾಡಿರೋ ಟೆಸ್ಟು ಲಕ್ಷಗಟ್ಟಲೆ ಆಬ್ಜೆಕ್ಟ್ ಮಾಡುತ್ತೆ, ಒಂದನ್ನೂ ಬಳಸಲ್ಲ. ಬೇಡದ್ದು ಅಂತ ಕಂಪೈಲರ್ ಅವನ್ನ ಹುಟ್ಟಿಸೋದೇ ಇಲ್ಲ. ಖಾಲಿ ಮೊರ ಕೇರಿ, ನೋಡಿ ನನ್ ಕೈ ಎಷ್ಟು ಬೇಗ ಓಡುತ್ತೆ ಅಂದ ಹಾಗಾಯ್ತು. ಅದಕ್ಕೆ ನನ್ ಹೆಸರು ಬೇರೆ."

"ಮೊರ ಎತ್ಕೊಂಡು ಕೆ.ಆರ್. ಪುರಂ ಸಂತೆಗೆ ಹೋಗಮ್ಮ. ಇಲ್ಲಿ ನಂಬರ್ ಮಾರ್ತೀವಿ."

ಉಮಾಶ್ರೀ ಬಂದರು. ಕಾರ್ಡು ಅವರ ಕೈ ಸೇರಿತು, ಸಮೋಸದ ತಟ್ಟೆ ಮುಂದೆ ಬಂತು. ಟೆಸ್ಟು ಓಡಿ ಪರದೆಯ ಮೇಲೆ ಮೂವತ್ತು ಮೂಡಿದಾಗ ಲಕ್ಷ್ಮಿಕಾಂತ ತಾನೇ ಚಪ್ಪಾಳೆ ತಟ್ಟಿದ. ಕೆನೆಗಟ್ಟಿ ತಣ್ಣಗಾಗಿದ್ದ ಕಾಫಿಯನ್ನು ಆಚೆ ಸರಿಸಿ, ಕಾವೇರಿ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು. ಹುಟ್ಟಿದ ಆಬ್ಜೆಕ್ಟುಗಳನ್ನೆಲ್ಲ ಬಳಸಿ ಮೊತ್ತ ತೋರಿಸುವಂತೆ ಒಂದೇ ಸಾಲು ಸೇರಿಸಿ, ಮತ್ತೆ ಓಡಿಸಿದಳು. ಮೂವತ್ತು ಪಟ್ಟು ಇದ್ದದ್ದು ನೂರಕ್ಕೆ ಎಂಟರಷ್ಟಕ್ಕೆ ಇಳಿಯಿತು.

"ಇದು ನಿಜವಾದ್ದು ಮೇಡಂ."

ಉಮಾಶ್ರೀ ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿದರು. "ನಾನೂ ಕೋಡ್ ಬರೆದವಳೇ ಕಣಮ್ಮ, ಆಗ್ಲೇ ಗೊತ್ತಾಯ್ತು. ಆ ಲೈನ್ ತೆಗೆದ್ಬಿಡು. ಮೂವತ್ತು ಅಂತ ನಮ್ ಬಾಸಿಗೆ ಹೇಳ್ಬಿಟ್ಟಿದ್ದೀನಿ."

ಕಾವೇರಿ ಲ್ಯಾಪ್‌ಟಾಪಿನಿಂದ ಕೈ ಹಿಂದೆ ತೆಗೆದಳು. ಲಕ್ಷ್ಮಿಕಾಂತನೇ ಎಣ್ಣೆಬೆರಳಿನಿಂದ ಕೀಲಿಗಳನ್ನು ಒತ್ತಿ ಸಾಲನ್ನು ಅಳಿಸಿದ. ಕೀಲಿಗಳು ಮಿರಮಿರ ಹೊಳೆದವು. ಅವಳು ಕರ್ಚೀಫಿನಿಂದ ಅವನ್ನು ಒರೆಸಿ, ಸ್ಲೈಡು ತೆರೆದು, ತನ್ನ ಹೆಸರು ತೆಗೆದಳು.

"ಹೆಸರು ತೆಗೆದ್ರೆ ಸ್ಪೀಡೇನು ಕಮ್ಮಿ ಆಗಲ್ಲ ಬಿಡು," ಎಂದ ಲಕ್ಷ್ಮಿಕಾಂತ.

ಉಮಾಶ್ರೀ ನಕ್ಕರು. ನಗುತ್ತಲೇ ಆ ಕಾರ್ಡನ್ನು ತಿರುಗಿಸಿ, ಮೆತ್ತಗಾಗಿದ್ದ ಅದೇ ಮೂಲೆಯನ್ನು ಹಲ್ಲುಸಂದಿಗೆ ಒಯ್ದರು. ಹೇಳಬೇಕೆಂದು ಕಾವೇರಿ ಬಾಯಿ ತೆರೆದಳು. ಆಮೇಲೆ ಮುಚ್ಚಿಕೊಂಡು, ಬ್ಯಾಗು ಹೆಗಲಿಗೇರಿಸಿ, ಕೆ.ಆರ್. ಪುರಂ ಕಡೆಯ ಟಿನ್ ಫ್ಯಾಕ್ಟರಿ ಬಸ್ಸಿಗೆ ಹೊರಟಳು.