ಎಡಗೈಯ ಪಟ್ಟೆಗಳು

ಪ್ರೇಮಾ ಸ್ವೆಟರಿನ ಮೈಯನ್ನು ಚಾಪೆಯ ಮೇಲೆ ಹಾಸಿ, ಹೆಣೆದು ಮುಗಿಸಿದ್ದ ಬಲತೋಳನ್ನು ಪಕ್ಕಕ್ಕಿಟ್ಟು ನೋಡಿದಳು. ಬೂದು ಉಲ್ಲನ್ನಿನಲ್ಲಿ ನೀಲಿ ಪಟ್ಟೆಗಳು. ಕಂಕುಳಿನಿಂದ ಕೆಳಕ್ಕೆ ಎದೆಯ ಪಟ್ಟೆಯೂ ತೋಳಿನ ಪಟ್ಟೆಯೂ ಒಂದೇ ಗೆರೆಯಾಗಿ ಕೂಡಿದ್ದವು. ಉಳಿದದ್ದು ಎಡತೋಳು. ಕಡ್ಡಿ ಹಿಡಿದು, ಅದನ್ನು ಎಷ್ಟುದ್ದ ಹೆಣೆಯುವುದೆಂದು ತಿಳಿಯದೆ ಕೂತಳು.

ಗಂಡ ಮಹದೇವುವಿನ ಎಡಗೈ ಯುಗಾದಿ ಕಳೆದ ಮೇಲೆ ಹಿಟ್ಟಿನ ಮಿಲ್ಲಿನ ಬೆಲ್ಟಿಗೆ ಸಿಕ್ಕಿತ್ತು. ಮೊಣಕೈಗಿಂತ ಮೇಲಕ್ಕೆ ಕತ್ತರಿಸಬೇಕಾಯಿತು. ಅಂದಿನಿಂದ ಆ ಭುಜದ ಮೇಲೆ ಸದಾ ಟವೆಲ್ಲು. ಕಾಮಗೆರೆಯ ಬೀದಿಗೆ ಅವನು ಇಳಿದಿರಲಿಲ್ಲ. ಸ್ನಾನದ ಹೊತ್ತಿನಲ್ಲೂ ಹೆಂಡತಿಯನ್ನು ಹತ್ತಿರ ಬಿಡುತ್ತಿರಲಿಲ್ಲ. ಈಗ ಗೆಳೆಯ ಶಾಂತರಾಜು ಮಾದಪ್ಪನ ಬೆಟ್ಟದ ಲಾಡ್ಜೊಂದರಲ್ಲಿ ರೂಮಿನ ಬೀಗದ ಕೈ ಕೊಡುವ ಕೆಲಸ ಹುಡುಕಿಕೊಟ್ಟಿದ್ದ. ಮಹದೇವು ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಬೆಟ್ಟದಲ್ಲಿ ಚಳಿ ಜಾಸ್ತಿ ಅಂತ ಪ್ರೇಮಾ ಉಲ್ಲನ್ ತಂದು, ಅವನ ಹಳೆಯ ಶರ್ಟಿನ ಅಳತೆಯಲ್ಲಿ ಹೆಣೆಯತೊಡಗಿದ್ದಳು.

"ಪೂರ್ತಿ ಎಣದ್ಬುಡು ಕಣವ್ವ," ಎಂದರು ಅತ್ತೆ ಪುಟ್ಟಬಸಮ್ಮ. "ತುದೀನ ಜೇಬಿಗೆ ಸಿಗಸ್ಕಂಡ್ರೆ ಯಾರ್ಗೂ ಗೊತ್ತಾಗಲ್ಲ."

ಅವಳು ಹಾಗೇ ಮಾಡಿದಳು. ಭಾನುವಾರ ಬೆಳಿಗ್ಗೆ ಮಹದೇವು ಸ್ವೆಟರ್ ತೊಟ್ಟು ಗೋಡೆಯ ಕನ್ನಡಿಯ ಮುಂದೆ ನಿಂತ. ಬಲಕ್ಕೆ ಪಟ್ಟೆಗಳು ನೇರವಾಗಿದ್ದವು. ಎಡಕ್ಕೆ ಬರಿದಾದ ತೋಳು ಜೋತುಬಿದ್ದಿತ್ತು. ಪುಟ್ಟಬಸಮ್ಮ ಅದನ್ನು ಮಡಿಸಿ ಪ್ಯಾಂಟಿನ ಜೇಬಿಗೆ ತುರುಕಿದರು. ಪಟ್ಟೆಗಳು ಸೊಟ್ಟಗಾಗಿ ಒಂದರ ಮೇಲೊಂದು ಮುದುರಿಕೊಂಡವು.

"ಚೆಂದಾಗದೆ ಕಣ್ಲಾ," ಎಂದರು.

ಅವನು ಒಂದೇ ಕೈಯಲ್ಲಿ ಎಳೆದಾಡಿ ಸ್ವೆಟರ್ ಕಳಚಿದ. ನೆರವಿಗೆ ಬಂದ ಪ್ರೇಮಾಳನ್ನು ಬಲ ಮೊಣಕೈಯಲ್ಲೇ ದೂರ ತಳ್ಳಿ ಹಿತ್ತಲಿಗೆ ಹೋದ. ಊಟಕ್ಕೂ ಬರಲಿಲ್ಲ. ಇನ್ನು ಬೆಟ್ಟದ ಕೆಲಸದ ಆಸೆ ಬಿಟ್ಟ ಹಾಗೇ ಎಂದುಕೊಂಡಳು ಪ್ರೇಮಾ. ಕೇಳದೆ ಹೆಣೆದೆನಲ್ಲ ಎಂದು ಒಲೆಯ ಮುಂದೆ ಕೂತು ಅತ್ತಳು.

ಸಂಜೆ ಕಾಫಿ ಹಿಡಿದು ಹೋದಾಗ ಅವನು ಹಿತ್ತಲ ಕಲ್ಲಿನ ಮೇಲಿದ್ದ. ಟವೆಲ್ಲು ತೊಡೆಯ ಮೇಲಿತ್ತು.

"ಟೇಪ್ ತಕಂಡ್ ಬಾ," ಎಂದ. "ಅಳತೆ ತಕೊ."

ಅವಳು ಟೇಪು ತಂದಳು. ಕಂಕುಳಿನಿಂದ ಟೇಪು ಹಿಡಿದು ಕೆಳಗೆ ತಂದು, ಮಾಂಸ ಗಂಟಾಗಿ ಮುಚ್ಚಿಕೊಂಡ ಜಾಗಕ್ಕೆ ಮೊದಲ ಸಲ ಬೆರಳಿಟ್ಟಳು. ಬೆಚ್ಚಗಿತ್ತು.

"ನೋಯ್ತದಾ?"

"ಇಲ್ಲ. ಚಳಿ ಆದ್ರೆ ಸೆಳೀತದೆ. ತುದಿ ಮುಚ್ಚಿ ಎಣೆ, ಗಾಳಿ ನುಗ್ದಂಗೆ."

ಅವಳು ಸ್ವೆಟರ್ ತಂದು ಅವನ ಮೈಗೆ ಹಿಡಿದು ನೋಡಿದಳು. "ಎದೆ ಪಟ್ಟೆಗೆ ಕೂಡಿಸುದ್ರೆ ತೋಳಿನ ತುದೀಲಿ ನೀಲಿ ಅರ್ಧಕ್ಕೇ ನಿಂತೋಯ್ತದೆ ಕಣ್ರಿ. ಒಸಿ ಆಚೀಚೆ ಮಾಡಿ ಪೂರ್ತಿ ಪಟ್ಟೆ ಬರಂಗೆ ಮಾಡ್ಲಾ?"

ಮಹದೇವು ಎದೆಯ ನೀಲಿ ಗೆರೆಯ ಮೇಲೆ ಬೆರಳಾಡಿಸಿದ.

"ಬ್ಯಾಡ. ಎದೆಗೇ ಕೂಡ್ಸು. ನೀಲಿ ನಿಲ್ಲದಾದ್ರೆ ನಿಂತ್ಕಳ್ಳಿ. ಕೈಯೂ ಅಲ್ಲೇ ತಾನೆ ನಿಂತಿರದು."

ಎಡತೋಳನ್ನು ಮುಂಗೈಯಿಂದ ಮೇಲಕ್ಕೆ ಹೆಣೆದಿದ್ದರಿಂದ ಭುಜದ ಕಡೆಯಿಂದಲೇ ಬಿಚ್ಚಬೇಕಿತ್ತು; ತುದಿಯಷ್ಟನ್ನೇ ಬಿಚ್ಚಲು ಬರುತ್ತಿರಲಿಲ್ಲ. ಪೂರ್ತಿ ಬಿಚ್ಚಬೇಕಾಯಿತು. ಅವಳು ಎಳೆದಂತೆಲ್ಲ ದಾರ ಸುರುಳಿ ಸುರುಳಿಯಾಗಿ ಬಂತು. ಅವನು ಮಂಡಿಗಳ ನಡುವೆ ಉಂಡೆ ಇರಿಸಿಕೊಂಡು, ಇದ್ದೊಂದು ಕೈಯಲ್ಲಿ ನಿಧಾನವಾಗಿ ಸುತ್ತುತ್ತ ಹೋದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪುಟ್ಟಬಸಮ್ಮ ಒಳಗೆ ಹೋದರು.

ಮುಂದಿನ ವಾರ ಬೆಟ್ಟದ ಬಸ್ಸು ಬಂದಾಗ ಸ್ಟಾಪಿನಲ್ಲಿ ಬೇಕಾದಷ್ಟು ಜನ ಇದ್ದರು. ಕೆಲವರು ಅವನನ್ನು ನೋಡಿ ಕಣ್ಣು ತಪ್ಪಿಸಿದರು, ಕೆಲವರು ತಪ್ಪಿಸಲಿಲ್ಲ. ಪ್ರೇಮಾ ಬ್ಯಾಗನ್ನು ಒಳಗಿಟ್ಟು ಇಳಿದಳು. ಸೀಟು ಸಿಗದೆ ಮಹದೇವು ಕಿಟಕಿಯ ಪಕ್ಕ, ಬಲಗೈಯಲ್ಲಿ ಕಂಬಿ ಹಿಡಿದು ನಿಂತಿದ್ದ. ಬಸ್ಸು ಹೊರಟಿತು. ಅವನು ಬಗ್ಗಿ ಹೊರಗೆ ನೋಡಿ, ನೀಲಿ ಅರ್ಧಕ್ಕೇ ನಿಂತ ಮೋಟು ತೋಳನ್ನು ಅವಳ ಕಡೆ ಎತ್ತಿದ.